ಸೋತ ಶನಿವಾರದ ಸಿಟ್ಟನ್ನು ಆ ಹುಡುಗರ ಮೇಲೆ ಹೊರಿಸಬೇಡಿ

ಇವರಿಗೆ,
ಅಮೆರಿಕದ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಹಾಗೂ ಕಾಲೇಜು ಫುಟ್‌ಬಾಲ್ ಅಭಿಮಾನಿಗಳಾದ ಎಲ್ಲ ಕನ್ನಡ ಬಂಧುಗಳಿಗೆ

ಮಾನ್ಯರೇ,

ಸಪ್ರೇಮ ನಮಸ್ಕಾರಗಳು.

ಕಳೆದ ನವೆಂಬರ್‌ನ ಒಂದು ಶನಿವಾರ ಮಧ್ಯಾಹ್ನ ನಮ್ಮ ಕೂಟದ ರಾಜ್ಯೋತ್ಸವ ನಡೆಯಿತು. ಬಾಡಿಗೆಗೆ ಪಡೆದ ಹೈಸ್ಕೂಲಿನ ಸಭಾಂಗಣ. ವೇದಿಕೆಯ ಮೇಲೆ ಎಂಟು ವರ್ಷದ ಹುಡುಗಿಯೊಬ್ಬಳು ಹಳದಿ ಲಂಗ ಉಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ವಚನ ಹಾಡುತ್ತಿದ್ದಳು. ಈ ದೇಶದಲ್ಲೇ ಹುಟ್ಟಿದ ಮಗು. ಆ ವಚನವನ್ನು ಕಲಿಯಲು ಅವಳಿಗೆ ಎರಡು ತಿಂಗಳು ಹಿಡಿದಿತ್ತು. ಸಭಾಂಗಣದ ಅರ್ಧ ಕುರ್ಚಿಗಳು ಖಾಲಿ. ಅಪ್ಪಂದಿರಲ್ಲಿ ಬಹುಪಾಲು ಜನ ಹೊರಗಿನ ಓಣಿಯಲ್ಲಿ, ಗೋಡೆಗೆ ಒರಗಿಸಿಟ್ಟ ಒಂದು ಮೊಬೈಲಿನ ಸುತ್ತ ನಿಂತಿದ್ದೆವು. ನಿಂತಿದ್ದೆವು ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ನಾನೂ ಅಲ್ಲಿದ್ದೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನ ಪಂದ್ಯವದು. ಮುಗಿಯಲು ಕೆಲವೇ ಸೆಕೆಂಡುಗಳಿದ್ದವು. ನಮ್ಮ ಊರಿನ ವಿಶ್ವವಿದ್ಯಾಲಯದ ತಂಡ ಎರಡು ಅಂಕ ಹಿಂದಿತ್ತು. ಎರಡು ಕಂಬಗಳ ನಡುವೆ ಚೆಂಡು ಹಾಯಿಸಿದರೆ ಸಿಗುವ ಮೂರು ಅಂಕದ ಫೀಲ್ಡ್ ಗೋಲಿಗೆ ನಮ್ಮ ಕಿಕ್ಕರ್, ಅಂದರೆ ಚೆಂಡು ಒದೆಯುವ ಆಟಗಾರ, ಚೆಂಡನ್ನು ಒದ್ದ. ಅದು ಬಲಗಂಬದ ಹೊರಗೆ ಹಾದುಹೋಯಿತು.

ಓಣಿಯಿಂದ ಎದ್ದ ಕೂಗು ಸಭಾಂಗಣದೊಳಗೆ ನುಗ್ಗಿತು. ಹುಡುಗಿ ಹಾಡು ನಿಲ್ಲಿಸಿದಳು. ತಾನೇನೋ ತಪ್ಪು ಮಾಡಿದೆನೆಂದುಕೊಂಡು ಅಮ್ಮನ ಕಡೆ ನೋಡಿದಳು. ಮುಂದಿನ ಸಾಲು ನೆನಪಾಗದೆ ವೇದಿಕೆಯಿಂದ ಇಳಿದಳು.

ಆ ಸಂಜೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಕಿಕ್ಕರ್ ಬಗ್ಗೆ ಬಂದ ಮಾತುಗಳನ್ನು ಇಲ್ಲಿ ಎತ್ತಿ ಬರೆಯಲು ಮನಸ್ಸು ಒಪ್ಪುವುದಿಲ್ಲ. ಬರೆದವರು ಅನಾಮಧೇಯರಲ್ಲ. ಇಂಜಿನಿಯರುಗಳು, ವೈದ್ಯರು, ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವವರು. ಒಬ್ಬರು ಆ ಹುಡುಗನ ಇನ್‌ಸ್ಟಾಗ್ರಾಂ ಖಾತೆಯನ್ನೇ ಹುಡುಕಿ ಹಂಚಿದರು. ಹೋಗಿ ಎಲ್ಲರೂ ನಾಲ್ಕು ಮಾತು ಹೇಳಿ ಬನ್ನಿ ಎಂದರು. ಕೆಲವರು ಹೋಗಿ ಹೇಳಿಯೂ ಬಂದರು. ರಾತ್ರಿ ಹತ್ತು ಗಂಟೆಯ ಹೊತ್ತಿಗೆ, ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಮ್ಮ ಕೂಟದ ಒಬ್ಬ ಹುಡುಗಿ ಗುಂಪಿನಲ್ಲಿ ಹೀಗೆ ಬರೆದಳು: "ಅಂಕಲ್, ಅವನು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನನ್ನ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ದಯವಿಟ್ಟು ಹೀಗೆ ಬರೆಯಬೇಡಿ." ಯಾರೂ ಉತ್ತರಿಸಲಿಲ್ಲ. ನಾನೂ ಉತ್ತರಿಸಲಿಲ್ಲ.

ಇನ್ನು ಕೆಲವೇ ವಾರಗಳಲ್ಲಿ ಹೊಸ ಋತು ಶುರುವಾಗುತ್ತದೆ. ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಈಗ ಈ ಪತ್ರದ ಮೂಲಕ ಕೊಡುತ್ತಿದ್ದೇನೆ. ನಮ್ಮ ತಂಡದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಆ ಹುಡುಗನ ಗುರುತು ಸಿಗುತ್ತದೆ, ಅವನ ಗಾಯವನ್ನು ಮತ್ತೊಮ್ಮೆ ಕೆದಕಿದಂತಾಗುತ್ತದೆ.

ಅಭಿಮಾನವೇ ತಪ್ಪು ಎಂದು ಹೇಳಲು ನಾನು ಹೊರಟಿಲ್ಲ. ನಾನು 1998ರಲ್ಲಿ ದಾವಣಗೆರೆಯಿಂದ ಎಂ.ಎಸ್. ಓದಲು ಇಲ್ಲಿಗೆ ಬಂದೆ. ಮೊದಲ ಮೂರು ತಿಂಗಳು ಪ್ರಯೋಗಾಲಯ ಬಿಟ್ಟರೆ ಕೋಣೆ, ಕೋಣೆ ಬಿಟ್ಟರೆ ಪ್ರಯೋಗಾಲಯ. ಅಕ್ಟೋಬರ್‌ನಲ್ಲಿ ಸಹಪಾಠಿಯೊಬ್ಬ ತನ್ನಲ್ಲಿ ಉಳಿದಿದ್ದ ಟಿಕೆಟ್ ಕೊಟ್ಟ. ಪಕ್ಕದಲ್ಲಿ ಎಪ್ಪತ್ತು ದಾಟಿದ ರೈತರೊಬ್ಬರು ಕುಳಿತಿದ್ದರು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕೆಂಬ ನಿಯಮವನ್ನು ಅವರು ಕಡಲೆಕಾಯಿ ಸಿಪ್ಪೆಗಳನ್ನು ಮೊಣಕಾಲಿನ ಮೇಲೆ ಜೋಡಿಸಿ ನನಗೆ ವಿವರಿಸಿದರು. ನಮ್ಮವರು ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಟಚ್‌ಡೌನ್ ಹೊಡೆದಾಗ ನನ್ನನ್ನು ಬಾಚಿ ತಬ್ಬಿಕೊಂಡರು. ನಾನು ಎಲ್ಲಿಂದ ಬಂದವನೆಂದು ಅವರು ಕೇಳಲೇ ಇಲ್ಲ. ಈ ದೇಶದಲ್ಲಿ ನನ್ನನ್ನು ಮೊದಲು ಮುಟ್ಟಿ ಮಾತನಾಡಿಸಿದ ಮನುಷ್ಯ ಅವರು. ಮರುವಾರ ಸಹಕಾರಿ ಅಂಗಡಿಯಲ್ಲಿ ಆ ಬಣ್ಣದ ಅಂಗಿ ಕೊಂಡೆ. ಅದನ್ನು ಹಾಕಿಕೊಂಡು ನಡೆದರೆ ಎದುರು ಬಂದವರು ತಂಡದ ಘೋಷಣೆ ಕೂಗಿ ನಗುತ್ತಿದ್ದರು. ಪರಸ್ಥಳದಲ್ಲಿ ಅದು ಎಷ್ಟು ದೊಡ್ಡ ಆಸರೆ ಎಂಬುದು ನಿಮಗೂ ಗೊತ್ತು. ನಮ್ಮಲ್ಲಿ ಬಹಳಷ್ಟು ಜನ ಈ ಆಟವನ್ನು ಹಚ್ಚಿಕೊಂಡದ್ದು ಹೀಗೆಯೇ.

ಇಲ್ಲಿನವರ ಹುಚ್ಚು ಇನ್ನೂ ಹಳೆಯದು. 1869ರ ನವೆಂಬರ್ 6ರಂದು ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ಹುಡುಗರು ಆಡಿದ ಪಂದ್ಯದಿಂದ ಕಾಲೇಜು ಫುಟ್‌ಬಾಲಿನ ಲೆಕ್ಕ ಶುರುವಾಗುತ್ತದೆ. ಇಂದು ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದ ಸಾಮರ್ಥ್ಯ 1,07,601. ಒಂದು ಸಣ್ಣ ಊರಿನಷ್ಟು ಜನ ಒಂದೇ ಬಣ್ಣದ ಬಟ್ಟೆ ತೊಟ್ಟು ಒಟ್ಟಿಗೆ ಎದ್ದು ನಿಂತರೆ ಯಾರ ಮೈಯಾದರೂ ಜುಮ್ಮೆನ್ನುತ್ತದೆ. ಕ್ರಿಕೆಟ್ಟಿನ ಹಾಗೆ ನಾಳೆ ಇನ್ನೊಂದು ಪಂದ್ಯವಿಲ್ಲ. ಋತುವಿಗೆ ಹನ್ನೆರಡು ಪಂದ್ಯ, ಸಾಂಪ್ರದಾಯಿಕ ಎದುರಾಳಿಯೊಡನೆ ವರ್ಷಕ್ಕೊಂದೇ. ಅದನ್ನು ಸೋತರೆ ಆ ಸೋಲನ್ನು ಮುನ್ನೂರ ಅರವತ್ತನಾಲ್ಕು ದಿನ ಹೊತ್ತು ತಿರುಗಬೇಕು. ಆ ನೋವು ಸುಳ್ಳಲ್ಲ.

ಆದರೆ ಅದು ಯಾರ ನೋವು? ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಫುಟ್‌ಬಾಲ್ ತಂಡ ಗೆದ್ದ ಮರುವಾರ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆಗಳನ್ನು ಹೆಚ್ಚಾಗಿ ಹಾಕಿಕೊಂಡು ಬರುತ್ತಿದ್ದರು. ಗೆದ್ದ ಪಂದ್ಯದ ಬಗ್ಗೆ ಕೇಳಿದರೆ "ನಾವು" ಎನ್ನುತ್ತಿದ್ದರು, ಸೋತದ್ದರ ಬಗ್ಗೆ ಕೇಳಿದರೆ "ಅವರು" ಎನ್ನುವ ಒಲವು ಹೆಚ್ಚಾಗಿತ್ತು. ಅಂದು ಓಣಿಯಲ್ಲಿ ನಾನು ಕೇಳಿದ್ದೂ ಇದನ್ನೇ. ಚೆಂಡು ಗಾಳಿಯಲ್ಲಿರುವ ತನಕ "ನಾವು ಗೆದ್ದೆವು, ಗೆದ್ದೆವು" ಎನ್ನುತ್ತಿದ್ದ ಬಾಯಿಗಳು, ಅದು ಕಂಬದ ಹೊರಗೆ ಬಿದ್ದೊಡನೆ "ಅವನು ಕೆಡಿಸಿದ" ಎಂದವು. ಗೆಲುವನ್ನು ಲಕ್ಷ ಜನ ಹಂಚಿಕೊಂಡು, ಸೋಲನ್ನು ಮಾತ್ರ ಇಪ್ಪತ್ತು ವರ್ಷದ ಒಬ್ಬ ಹುಡುಗನ ತಲೆಗೆ ಕಟ್ಟಿದರೆ ಅದನ್ನು ಅಭಿಮಾನ ಎಂದು ಹೇಗೆ ಕರೆಯೋಣ?

ಇಂತಹ ತಪ್ಪು ನಮ್ಮೊಬ್ಬರದೇ ಅಲ್ಲ. 2015ರ ಅಕ್ಟೋಬರ್ 17ರಂದು ಮಿಷಿಗನ್ ತಂಡ ಮಿಷಿಗನ್ ಸ್ಟೇಟ್ ಎದುರು 23-21ರಿಂದ ಮುಂದಿತ್ತು. ಉಳಿದಿದ್ದದ್ದು ಹತ್ತು ಸೆಕೆಂಡು. ಚೆಂಡನ್ನು ದೂರಕ್ಕೆ ಒದ್ದರೆ ಕಥೆ ಮುಗಿಯುತ್ತಿತ್ತು. ಆಸ್ಟ್ರೇಲಿಯಾದಿಂದ ಬಂದಿದ್ದ ಬ್ಲೇಕ್ ಓನೀಲ್ ಕೈಯಿಂದ ಚೆಂಡು ಜಾರಿತು. ಮಿಷಿಗನ್ ಸ್ಟೇಟ್‌ನ ಜೇಲನ್ ವಾಟ್ಸ್-ಜಾಕ್ಸನ್ ಅದನ್ನು ಹಿಡಿದು ಓಡಿ, ಗಡಿಯಾರ ನಿಲ್ಲುವ ಹೊತ್ತಿಗೆ ಗೆರೆ ದಾಟಿದ. 27-23. ನಾನು ಟೀವಿಯಲ್ಲಿ ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದೇ ದಿನ ಓನೀಲ್ ಒಮ್ಮೆ ಚೆಂಡನ್ನು ಎಂಬತ್ತು ಗಜ ದೂರಕ್ಕೆ ಅದ್ಭುತವಾಗಿ ಒದ್ದಿದ್ದ. ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಅವನಿಗೆ ಬಂದ ಸಂದೇಶಗಳು ಎಷ್ಟು ಕೆಟ್ಟದಾಗಿದ್ದವೆಂದರೆ, ಆಗ ಅಲ್ಲಿನ ಹಂಗಾಮಿ ಕ್ರೀಡಾ ನಿರ್ದೇಶಕರಾಗಿದ್ದ, ಮುಂದೆ ಫೋರ್ಡ್ ಕಂಪನಿಯ ಮುಖ್ಯಸ್ಥರಾದ ಜಿಮ್ ಹ್ಯಾಕೆಟ್ ತಮ್ಮದೇ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆಯಬೇಕಾಯಿತು. ಇನ್ನು ಗೆಲ್ಲಿಸಿದ ವಾಟ್ಸ್-ಜಾಕ್ಸನ್? ಗೆರೆ ದಾಟಿ ಬಿದ್ದಾಗ ಅವನ ಸೊಂಟದ ಕೀಲು ತಪ್ಪಿ ಮೂಳೆ ಮುರಿದಿತ್ತು. ಅವನ ಸಹ ಆಟಗಾರರು ಅವನ ಮೇಲೆ ಬಿದ್ದು ಸಂಭ್ರಮಿಸುತ್ತಿದ್ದಾಗ ಅವನು ಅಡಿಯಲ್ಲಿ ನೋವಿನಿಂದ ಒದ್ದಾಡುತ್ತಿದ್ದ.

2013ರ ನವೆಂಬರ್ 30ರಂದು ಅಲಬಾಮಾ ತಂಡ ಆಬರ್ನ್ ಎದುರು 34-28ರಿಂದ ಸೋತಿತು. ಅಲಬಾಮಾದ ಕಿಕ್ಕರ್ ಕೇಡ್ ಫಾಸ್ಟರ್‌ನ ಮೂರು ಪ್ರಯತ್ನಗಳು ಅಂದು ಫಲಿಸಿರಲಿಲ್ಲ. ಅವನಿಗೆ ಕೊಲೆ ಬೆದರಿಕೆಗಳು ಬಂದವು. ಆ ದಿನಗಳಲ್ಲಿ ಅವನಿಗೊಂದು ಕೈಬರಹದ ಪತ್ರವೂ ಬಂತು. ಅವನ ಅಂಗಿಯ ಸಂಖ್ಯೆ 43. ಪತ್ರ ಬರೆದವರು ಅಮೆರಿಕದ 43ನೇ ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯು. ಬುಷ್. ಅವರ ರಾಜಕೀಯದ ಬಗ್ಗೆ ನನಗೆ ನೂರು ತಕರಾರುಗಳಿವೆ. ಆ ಪತ್ರದ ವಿಷಯದಲ್ಲಿ ಮಾತ್ರ ಅವರಿಗೆ ಕೈ ಮುಗಿಯುತ್ತೇನೆ.

"ಈಗ ಅವರು ದುಡ್ಡು ತೆಗೆದುಕೊಳ್ಳುತ್ತಾರೆ, ವೃತ್ತಿಪರರ ಹಾಗೆಯೇ. ಬೈಸಿಕೊಳ್ಳಲೂ ಸಿದ್ಧರಿರಬೇಕು" ಎಂದು ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರು ವಾದಿಸಿದರು. ದುಡ್ಡು ಬಂದಿರುವುದು ನಿಜ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದೊಂದು ವಿಶ್ವವಿದ್ಯಾಲಯವೂ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರುಗಳವರೆಗೆ ತನ್ನ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದಾಯಿತು. ಆದರೆ ಅದಕ್ಕೂ ಮೊದಲು ನೂರು ವರ್ಷ ಈ ಹುಡುಗರ ಬೆವರಿನಲ್ಲಿ ಕ್ರೀಡಾಂಗಣಗಳು ಎದ್ದವು, ಕೋಚ್‌ಗಳು ಶ್ರೀಮಂತರಾದರು. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಿದಾಗ, ಇನ್ನು ಕೆಲಸ ಮಾಡಬೇಡಿ ಎನ್ನುವುದಕ್ಕೇ ಏಳೂವರೆ ಕೋಟಿ ಡಾಲರಿಗೂ ಹೆಚ್ಚು ಕೊಡಲು ಬದ್ಧವಾಗಿತ್ತು. ದೊಡ್ಡ ಹಣದ ಒಪ್ಪಂದಗಳು ಸಿಗುವುದು ಕೆಲವೇ ಆಟಗಾರರಿಗೆ. ಅದು ಹೇಗೇ ಇರಲಿ, ಸಂಬಳ ಪಡೆಯುವವರನ್ನೆಲ್ಲ ಮನೆಯವರ ಸಮೇತ ನಿಂದಿಸಬಹುದು ಎಂಬ ನಿಯಮವನ್ನು ನಾವು ನಮ್ಮ ಕಚೇರಿಗಳಲ್ಲಿ ಒಪ್ಪುತ್ತೇವೆಯೇ?

ಇದರೊಳಗೆ ಜೂಜೂ ಸೇರಿಕೊಂಡಿದೆ. 2018ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ರಾಜ್ಯಗಳು ಒಂದೊಂದಾಗಿ ಕ್ರೀಡಾ ಬಾಜಿಗೆ ಬಾಗಿಲು ತೆರೆದವು. ಯಾವ ತಂಡ ಗೆಲ್ಲುತ್ತದೆ ಎಂಬುದರ ಮೇಲಷ್ಟೇ ಅಲ್ಲ, ಒಬ್ಬ ಹುಡುಗ ಎಷ್ಟು ಗಜ ಓಡುತ್ತಾನೆ ಎಂಬುದರ ಮೇಲೂ ಬಾಜಿ ಕಟ್ಟಬಹುದಾಯಿತು. ದುಡ್ಡು ಕಳೆದುಕೊಂಡವರು ಆಟಗಾರರಿಗೆ ನೇರವಾಗಿ ಬೆದರಿಕೆ ಬರೆಯತೊಡಗಿದರು. ಕಾಲೇಜು ಆಟಗಾರರ ಮೇಲಿನ ಇಂತಹ ವೈಯಕ್ತಿಕ ಬಾಜಿಯನ್ನು ನಿಷೇಧಿಸಿ ಎಂದು 2024ರಲ್ಲಿ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ಅಧ್ಯಕ್ಷ ಚಾರ್ಲಿ ಬೇಕರ್ ರಾಜ್ಯಗಳನ್ನು ಕೇಳಿಕೊಂಡರು. ಒಹಾಯೊ ಅದೇ ವರ್ಷ ನಿಷೇಧಿಸಿತು. ನಮ್ಮ ಓಣಿಯಲ್ಲಿ ನಿಂತಿದ್ದವರಲ್ಲಿ ಎಷ್ಟು ಜನರ ಮೊಬೈಲಿನಲ್ಲಿ ಬಾಜಿಯ ಆ್ಯಪ್ ತೆರೆದಿತ್ತು ಎಂದು ನಾನಿಲ್ಲಿ ಹೇಳುವುದಿಲ್ಲ. ಅವರಿಗೇ ಗೊತ್ತು.

ನಾವು ಕಳೆದುಕೊಳ್ಳುವುದು ಒಂದು ಶನಿವಾರದ ಸಂತೋಷ. ಅವರು ಕಳೆದುಕೊಳ್ಳುವುದೇನು? ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಮೃತ ಫುಟ್‌ಬಾಲ್ ಆಟಗಾರರ ಮಿದುಳುಗಳ ಅಧ್ಯಯನ ಪ್ರಕಟಿಸಿದರು. ಕಾಲೇಜು ಮಟ್ಟದವರೆಗೆ ಆಡಿದ್ದ 53 ಜನರ ಪೈಕಿ 48 ಜನರಲ್ಲಿ, ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಮಿದುಳಿನ ಕಾಯಿಲೆ ಕಂಡುಬಂತು. ಕುಟುಂಬದವರು ಅನುಮಾನವಿದ್ದೇ ದಾನ ಕೊಟ್ಟ ಮಿದುಳುಗಳು ಅವು, ಹಾಗಾಗಿ ಎಲ್ಲ ಆಟಗಾರರಿಗೂ ಇದೇ ಪ್ರಮಾಣ ಎಂದು ಹೇಳಲಾಗದು. ಆದರೂ ಆ ಸಂಖ್ಯೆಯನ್ನು ಓದಿದ ಮೇಲೆ ಹೆಲ್ಮೆಟ್‌ಗಳು ಡಿಕ್ಕಿ ಹೊಡೆಯುವ ಸದ್ದಿಗೆ ಚಪ್ಪಾಳೆ ತಟ್ಟಲು ನನ್ನ ಕೈ ಏಳುತ್ತಿಲ್ಲ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾರ್ಡನ್ ಮೆಕ್‌ನೇರ್‌ಗೆ ಹತ್ತೊಂಬತ್ತು ವರ್ಷ. 2018ರ ಮೇ 29ರಂದು ಅಭ್ಯಾಸದ ಓಟದಲ್ಲಿ ಬಿಸಿಲಿನ ಹೊಡೆತಕ್ಕೆ ಕುಸಿದ. ಬಿಸಿಲಿನ ಆಘಾತಕ್ಕೆ ಮೊದಲು ಮಾಡಬೇಕಾದ ಕೆಲಸವೆಂದರೆ ರೋಗಿಯನ್ನು ಐಸು ನೀರಿನಲ್ಲಿ ಇಳಿಸುವುದು, ಅದನ್ನು ಮಾಡಲಿಲ್ಲ. ಎರಡು ವಾರದ ನಂತರ ಜೂನ್ 13ರಂದು ಅವನು ತೀರಿಕೊಂಡ. ವಿಶ್ವವಿದ್ಯಾಲಯ ಕಾನೂನಿನ ಮತ್ತು ನೈತಿಕ ಹೊಣೆಯನ್ನು ಒಪ್ಪಿಕೊಂಡಿತು. ಆದರೂ ಅಕ್ಟೋಬರ್ 30ರಂದು ಆಡಳಿತ ಮಂಡಳಿ ಕೋಚ್ ಡಿ.ಜೆ. ಡರ್ಕಿನ್ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು. ವಿದ್ಯಾರ್ಥಿಗಳು ಸಿಡಿದೆದ್ದರು, ಜನಪ್ರತಿನಿಧಿಗಳು ದನಿಗೂಡಿಸಿದರು, ಮರುದಿನವೇ ಅವರನ್ನು ತೆಗೆಯಬೇಕಾಯಿತು. ಆಟದ ಮೇಲೆ ನಮಗಿರುವ ಕಾವು ಇಂತಹ ಕಡೆ ಕೆಲಸಕ್ಕೆ ಬರಬೇಕು ಎಂದು ನಾನು ಹೇಳುತ್ತಿರುವುದು. ನಮ್ಮ ತಂಡದ ಅಭ್ಯಾಸದ ಮೈದಾನದಲ್ಲಿ ಐಸು ನೀರಿನ ತೊಟ್ಟಿ ಇದೆಯೇ ಎಂದು ಇಪ್ಪತ್ತೇಳು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಎತ್ತರ, ತೂಕ, ಹುಟ್ಟೂರು ನನಗೆ ಬಾಯಿಪಾಠವಿತ್ತು.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕಥೆಯನ್ನು ಹೇಳದೆ ಇರಲಾರೆ. ಅಲ್ಲಿನ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ವರ್ಷಗಟ್ಟಲೆ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ್ದ. 2012ರ ಜೂನ್‌ನಲ್ಲಿ 45 ಆರೋಪಗಳು ಸಾಬೀತಾದವು. ಅದಕ್ಕೂ ಮೊದಲು, 2011ರ ನವೆಂಬರ್ 9ರ ರಾತ್ರಿ, ವಿಶ್ವವಿದ್ಯಾಲಯ ಮುಖ್ಯ ಕೋಚ್ ಜೋ ಪಟರ್ನೊ ಅವರನ್ನು ತೆಗೆದುಹಾಕಿದಾಗ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದು ಟೀವಿ ವಾಹನವನ್ನು ಮಗುಚಿ ಹಾಕಿದರು. ಅವರೆಲ್ಲ ಕೆಟ್ಟವರೆಂದು ನಾನು ನಂಬುವುದಿಲ್ಲ. ಎರಡು ದಿನದ ನಂತರ ಅದೇ ಊರಿನಲ್ಲಿ ನೊಂದ ಮಕ್ಕಳಿಗಾಗಿ ಮೇಣದಬತ್ತಿ ಹಿಡಿದು ನಿಂತವರೂ ವಿದ್ಯಾರ್ಥಿಗಳೇ. ಆದರೆ ಮೊದಲ ಕೂಗು ಯಾರಿಗಾಗಿ ಎದ್ದಿತು ಎಂಬುದನ್ನು ಮರೆಯಲಾಗದು.

ಡಾ. ರಾಜ್‌ಕುಮಾರ್ ನಮ್ಮನ್ನು "ಅಭಿಮಾನಿ ದೇವರುಗಳೇ" ಎಂದು ಕರೆದರು. ಆ ಮಾತು ಕೇಳುತ್ತ ಬೆಳೆದವರು ನಾವು. ಅದು ಅವರ ದೊಡ್ಡತನ. ನಾವು ಅದನ್ನು ಪದವಿಯೆಂದು ತಿಳಿದು, ಹರಕೆ ತೀರಿಸದ ಭಕ್ತನ ಮೇಲೆ ಮುನಿಯುವ ದೇವರ ಹಾಗೆ ಇಪ್ಪತ್ತು ವರ್ಷದ ಹುಡುಗನ ಮೇಲೆ ಎರಗುತ್ತಿದ್ದೇವೆ. ಅವನು ನಮಗೆ ಏನನ್ನೂ ಬಾಕಿ ಇಟ್ಟುಕೊಂಡಿಲ್ಲ.

ಡಿಸೆಂಬರ್‌ನಲ್ಲಿ ಆ ಕಿಕ್ಕರ್‌ನನ್ನು ನಾನು ದಿನಸಿ ಅಂಗಡಿಯಲ್ಲಿ ಕಂಡೆ. ಬುಟ್ಟಿಯಲ್ಲಿ ಹಾಲು, ಬಾಳೆಹಣ್ಣು, ಎರಡು ಪೊಟ್ಟಣ ನೂಡಲ್ಸ್. ತಲೆಯ ಮೇಲೆ ಟೊಪ್ಪಿಗೆ ಎಳೆದುಕೊಂಡಿದ್ದ. ಟೀವಿಯಲ್ಲಿ ಕಾಣುವುದಕ್ಕಿಂತ ಬಹಳ ಸಣ್ಣವನು; ಗಲ್ಲದ ಮೇಲೆ ಮೊಡವೆಗಳಿದ್ದವು. ಹೋಗಿ ಒಂದು ಒಳ್ಳೆಯ ಮಾತು ಹೇಳೋಣವೆಂದು ಹೆಜ್ಜೆ ಎತ್ತಿದೆ. ಅವನು ನನ್ನ ಮುಖ ನೋಡಲಿಲ್ಲ, ನನ್ನ ಜಾಕೆಟ್ ನೋಡಿದ. ಅದರ ಮೇಲೆ ಅವನದೇ ತಂಡದ ಲಾಂಛನವಿತ್ತು. ತಲೆ ತಗ್ಗಿಸಿ, ಬುಟ್ಟಿ ಎತ್ತಿಕೊಂಡು ಬೇರೆ ಸಾಲಿಗೆ ಹೊರಟುಹೋದ. ಆ ಜಾಕೆಟ್ಟನ್ನು ಅಂದಿನಿಂದ ನಾನು ಹಾಕಿಕೊಂಡಿಲ್ಲ.

ಕೂಟಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಕೂಟದ ಗುಂಪುಗಳಲ್ಲಿ ಯಾವ ಆಟಗಾರನ ಖಾತೆಯನ್ನೂ ನಿಂದನೆಗೆಂದು ಹಂಚಲು ಬಿಡಬೇಡಿ. ಹಂಚಿದರೆ ಅಳಿಸಿ, ಹಂಚಿದವರು ಎಷ್ಟೇ ಹಿರಿಯರಾಗಿರಲಿ. ರಾಜ್ಯೋತ್ಸವವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಮಕ್ಕಳ ಹಾಡು ಮತ್ತು ಪಂದ್ಯ ಎದುರುಬದುರಾದರೆ ನಮ್ಮಲ್ಲಿ ಬಹಳ ಜನ ಏನು ಮಾಡುತ್ತೇವೆಂಬುದು ಈಗ ಗೊತ್ತಾಗಿದೆ. ಬಂಧುಗಳಲ್ಲಿ ಕೇಳುವುದು ಇನ್ನೂ ಸ್ವಲ್ಪ. ಆಟಗಾರನಿಗೆ ನೇರವಾಗಿ ಬರೆಯುವುದಾದರೆ, ಅವನ ತಾಯಿಯೂ ಓದಬಹುದಾದದ್ದನ್ನು ಮಾತ್ರ ಬರೆಯಿರಿ. ಹುಡುಗರ ಮೇಲೆ ಬಾಜಿ ಕಟ್ಟಬೇಡಿ. ಎದುರಾಳಿ ಹುಡುಗ ನೆಲಕ್ಕೆ ಬಿದ್ದು ಏಳದಿದ್ದರೆ, ಅವನು ಏಳುವ ತನಕ ಸುಮ್ಮನಿರಿ. ಸೋತ ರಾತ್ರಿ ಮನೆಯವರೊಡನೆ ಕುಳಿತು ಊಟ ಮಾಡಿ. ಆಟದ ತಂತ್ರವನ್ನು, ಕೋಚ್‌ನ ನಿರ್ಧಾರವನ್ನು ಬೇಕಾದಷ್ಟು ಟೀಕಿಸಿ, ನಾನೂ ಟೀಕಿಸುತ್ತೇನೆ. ಕೂಗಿ, ಅಳಿ, ಗಂಟಲು ಕಟ್ಟುವಷ್ಟು ಹಾಡಿ.

ಸಾವಿರಾರು ಜನರ ಪ್ರೀತಿ ಏನು ಮಾಡಬಲ್ಲದು ಎಂಬುದನ್ನು ನೋಡಬೇಕಾದರೆ ಅಯೋವಾ ಸಿಟಿಯ ಕಿನಿಕ್ ಕ್ರೀಡಾಂಗಣಕ್ಕೆ ಹೋಗಿ. ಅದರ ಪಕ್ಕದಲ್ಲೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯಿದೆ. 2017ರಿಂದ ಪ್ರತಿ ಪಂದ್ಯದ ಮೊದಲ ಕಾಲು ಭಾಗ ಮುಗಿದೊಡನೆ ಇಡೀ ಕ್ರೀಡಾಂಗಣ ಆಸ್ಪತ್ರೆಯ ಕಡೆ ತಿರುಗಿ ಕೈ ಬೀಸುತ್ತದೆ. ಆಟಗಾರರು, ತೀರ್ಪುಗಾರರು, ಎದುರಾಳಿಯ ಅಭಿಮಾನಿಗಳು, ಎಲ್ಲರೂ. ಮೇಲಿನ ಮಹಡಿಯ ಕಿಟಕಿಗಳಿಂದ ಮಕ್ಕಳು ಮರಳಿ ಕೈ ಬೀಸುತ್ತಾರೆ.

ನಮ್ಮ ಊರಿನವರಿಗೆ ಕೊನೆಯದೊಂದು ಮಾತು. ಆ ಹುಡುಗ ಈ ವರ್ಷವೂ ತಂಡದಲ್ಲಿದ್ದಾನೆ. ಅವನಿಗೆ ಕೈಬರಹದಲ್ಲಿ ಒಂದು ಪತ್ರ ಬರೆದಿದ್ದೇನೆ. ಕ್ಷಮೆ ಕೇಳಿದ್ದೇನೆ, ಪಂದ್ಯದ ಸುದ್ದಿ ಎತ್ತಿಲ್ಲ. ಸಂಖ್ಯಾಶಾಸ್ತ್ರದ ತರಗತಿಯ ನಮ್ಮ ಹುಡುಗಿ ತಲುಪಿಸಲು ಒಪ್ಪಿದ್ದಾಳೆ. ಇಲ್ಲಿಯವರೆಗೆ ಐದು ಕುಟುಂಬಗಳು ಸಹಿ ಹಾಕಿವೆ. ವಚನ ಹಾಡಿದ ಪುಟ್ಟಿ ಕನ್ನಡದಲ್ಲೇ ತನ್ನ ಹೆಸರು ಬರೆದಿದ್ದಾಳೆ. ಅದರ ಕೆಳಗೆ ಇನ್ನೂ ಸಾಕಷ್ಟು ಜಾಗವಿದೆ. ಈ ಭಾನುವಾರ ಕನ್ನಡ ತರಗತಿ ಮುಗಿದ ಮೇಲೆ, ಹನ್ನೆರಡು ಗಂಟೆಯ ತನಕ, ಹಿಂದಿನ ಕೊಠಡಿಯಲ್ಲಿ ಪತ್ರ ಮತ್ತು ಪೆನ್ನು ಇಟ್ಟುಕೊಂಡು ಕುಳಿತಿರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಕೂಟದ ಒಬ್ಬ ಹಳೆಯ ಸದಸ್ಯ